ಅರಿಜೋನಾದ ಗುಂಡನಿಗೆ, ನಮ್ಮ ಬೆಟ್ಟದ ಇರುವೆ ವಿಷಯ

ಏನೋ ಗುಂಡಾ,

'ಇರುವೆ ಸಾಕ್ತಿದೀಯಂತೆ, ತೋಟ ಮಾರಿದ್ಯಾ?' ಅಂತ ಕೇಳಿದೆಯಲ್ಲ. ವಾಟ್ಸಾಪಲ್ಲಿ ಉತ್ತರ ಕೊಟ್ಟರೆ ಒಂದು ಹೆಬ್ಬೆರಳು ಒತ್ತಿ ಮಲಗುತ್ತೀಯ. ಅದಕ್ಕೇ ಇಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಹಲಸಿನಹಣ್ಣಿನ ಕೇಸು ಎತ್ತುವುದಿಲ್ಲ, ಹೆದರಬೇಡ.

ತೋಟ ಮಾರಿಲ್ಲ ಮಾರಾಯ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲಿ ದರಕು, ಅಂದರೆ ಒಣ ಎಲೆ, ಗುಡಿಸುವಾಗ ಸಿಕ್ಕ ಇರುವೆ ಇದು. ಚಿಗಳಿ, ಗೊದ್ದ ಎಲ್ಲದರ ಹತ್ತಿರವೂ ನಾವಿಬ್ಬರೂ ಕಚ್ಚಿಸಿಕೊಂಡವರೇ. ಇದು ಆ ಪೈಕಿ ಅಲ್ಲ. ಅರ್ಧ ಇಂಚಿಗಿಂತ ಉದ್ದ, ಮುಖದ ಮುಂದೆ ಮೇಲಕ್ಕೆ ಬಾಗಿದ ದವಡೆ, ಆ ತಲೆಗೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುವಂಥ ಕಣ್ಣು. ಬೆರಳು ಹತ್ತಿರ ಒಯ್ದೆ. ಓಡಲಿಲ್ಲ. ತಿರುಗಿ ನನ್ನನ್ನೇ ನೋಡಿತು. ಇರುವೆ ನೋಡುವುದು ಅಂದರೆ ನಗು ಬರುತ್ತೆ ಅಲ್ವಾ, ಆದರೆ ನೋಡಿತು. ಆಮೇಲೆ ಟಕ್ ಅಂತ ಜಿಗಿಯಿತು.

ಹೆಸರು ಹಾರ್ಪೆಗ್ನಾಥಸ್ ಸಾಲ್ಟೇಟರ್. 1851ರಲ್ಲಿ ಜರ್ಡನ್ ಅನ್ನುವ ಬ್ರಿಟಿಷ್ ಡಾಕ್ಟರು ಹೆಸರಿಟ್ಟಿದ್ದು. ಊರಲ್ಲಿ ಕೇಳಿದರೆ 'ಅದೆಂಥದೋ ಗೊದ್ದ' ಅಂತಾರೆ. ಬೇಟೆಗೆ ಸಾಲುಗಟ್ಟಿ ಹೋಗುವ ಗಿರಾಕಿ ಅಲ್ಲ. ಹಗಲಲ್ಲಿ ಒಂಟಿಯಾಗಿ ಅಲೆದು, ಕಣ್ಣಲ್ಲೇ ನೋಡಿ, ಜಿಗಿದು ಹಿಡಿದು, ಕುಟುಕಿ, ಅಲುಗಾಡದ ಹಾಗೆ ಮಾಡಿ ಮನೆಗೆ ಹೊತ್ತುಕೊಂಡು ಬರುತ್ತದೆ. ಸಕ್ಕರೆ ನೀರಿಟ್ಟರೆ ಮೂಸಿಯೂ ನೋಡಲಿಲ್ಲ. ಮಿಡತೆ, ಜಿರಳೆ, ಜೇಡವೇ ಆಗಬೇಕು.

ರಾಣಿ ಸಮೇತ ಗೂಡಿನ ಇರುವೆಗಳನ್ನು ಮನೆಯಲ್ಲಿ ಇಡಲು ಪ್ಲಾಸ್ಟಿಕ್ ಡಬ್ಬಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದು, ಒಂದು ಗುಳಿ ಮಾಡಿ, ಮೇಲೆ ಗಾಜು ಮುಚ್ಚಿದೆ. ಆಗಾಗ ಡ್ರಾಪರಲ್ಲಿ ನೀರು ಬಿಟ್ಟು ಪ್ಲಾಸ್ಟರ್ ಒದ್ದೆ ಇಟ್ಟರೆ ಸಾಕು. ಹೊಸ ಇರುವೆ ಹೊರಗೆ ಬಂದಮೇಲೆ ಉಳಿಯುವ ಖಾಲಿ ಕೋಶ ಇರುತ್ತಲ್ಲ, ಅದನ್ನು ಹರಿದು ಹರಿದು ಗುಳಿಯ ಗೋಡೆಗೆ ಅಂಟಿಸಿಕೊಂಡವು! ಕಾಡಿನ ಗೂಡಲ್ಲೂ ಹೀಗೇ ಮಾಡುತ್ತವಂತೆ. ಬೆಂಗಳೂರಿನ ಇರುವೆ ತಜ್ಞ ಮುಸ್ತಾಕ್ ಅಲಿಯವರೂ ಸೇರಿ 1994ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು ವಾಲ್‌ಪೇಪರ್ ಅಂತಲೇ ಕರೆದಿದ್ದಾರೆ. ನಮ್ಮ ಜಗಲಿ ಮೂರು ದೀಪಾವಳಿಯಿಂದ ಸುಣ್ಣ ಕಂಡಿಲ್ಲ, ಆ ಮಾತು ಬೇರೆ.

ಆಮೇಲೆ ರಾಣಿ ಸತ್ತಳು. ಬೇರೆ ಹೆಚ್ಚಿನ ಜಾತಿಯ ಇರುವೆಯಾಗಿದ್ದರೆ ಗೂಡಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಕೆಲಸದವರೇ ಎದುರುಬದುರು ನಿಂತು ಮೀಸೆಯಲ್ಲಿ ಹೊಡೆದಾಡಲು ಶುರು ಮಾಡಿದವು. ಒಂದು ಪಟಪಟ ಹೊಡೆಯುತ್ತಾ ಮುಂದೆ ಬರುತ್ತದೆ, ಇನ್ನೊಂದು ಹಿಂದೆ ಹೋಗುತ್ತದೆ. ತಕ್ಷಣ ಅದೇ ಉಲ್ಟಾ. ಗಾಯ ಇಲ್ಲ, ರಕ್ತ ಇಲ್ಲ, ನಿಲ್ಲುವುದೂ ಇಲ್ಲ. 40 ದಿನದವರೆಗೂ ನಡೆಯುವುದುಂಟಂತೆ. ಗೆದ್ದ ಕೆಲವು ಮೊಟ್ಟೆ ಇಡಲು ಕೂರುತ್ತವೆ. ಕೆಲಸದ ಇರುವೆಯ ಆಯಸ್ಸು ಏಳು ತಿಂಗಳ ಆಸುಪಾಸು, ಗೆದ್ದು ಕೂತದ್ದು ನಾಲ್ಕು ವರ್ಷದವರೆಗೆ ಬದುಕುತ್ತದೆ. ಲಾಭದ ವ್ಯವಹಾರವೇ, ಆದರೆ ಗೆದ್ದದ್ದರ ಮಿದುಳು ಹೆಚ್ಚುಕಡಿಮೆ ಕಾಲುಭಾಗ ಕುಗ್ಗುತ್ತದೆ. ಹೊರಗೆ ಹೋಗುವ ಹಾಗಿಲ್ಲ, ಬೇಟೆ ಇಲ್ಲ, ಅಷ್ಟೆಲ್ಲ ಮಿದುಳು ಯಾಕೆ?

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ ಕಣೋ.

ಅಪ್ಪ ಹೋದಮೇಲೆ ನಾನು ಕೆಲಸ ಬಿಟ್ಟು ಊರಿಗೆ ಬಂದದ್ದನ್ನು ನೀವೆಲ್ಲ ದೊಡ್ಡ ತ್ಯಾಗ ಅಂದುಕೊಂಡಿರಿ. ನಾನೂ ಸುಮ್ನಿದ್ದೆ. ನಿಜ ಏನು ಗೊತ್ತಾ, ತೋಟ ನೋಡಿಕೊಳ್ಳುತ್ತೇನೆ ಅಂತ ಮೊದಲು ಕೇಳಿದ್ದು ಅಕ್ಕ. ಅವಳಿಗೆ ನಿಜವಾಗಿ ಬೇಕಿತ್ತು. ನನಗೆ ಬೇಕಿರಲಿಲ್ಲ, ಅವಳು ಕೇಳಿದ ಮೇಲೆ ಬೇಕು ಅನ್ನಿಸಿತು. ಜಗಳ ಅನ್ನುವಂಥದ್ದೇನೂ ಆಗಲಿಲ್ಲ. ಅವಳೊಂದು ಮಾತು, ನಾನೊಂದು ಮಾತು, ನಡುವೆ ಕಾಫಿ. ಒಂದು ದಿನ ಅವಳು 'ಆಯ್ತು, ನೀನೇ ಇರು' ಅಂದು ಹುಬ್ಬಳ್ಳಿ ಬಸ್ಸು ಹತ್ತಿದಳು. ಆಮೇಲೆ ಇಲ್ಲಿ ಕೂತೆ. ಅಡಿಕೆ ಕೊಯ್ಯುವ ಕೊನೆಗೌಡ ಬಂದನೋ ಇಲ್ಲವೋ, ಕೊಳೆರೋಗಕ್ಕೆ ಮದ್ದು ಹೊಡೆದಾಯಿತೋ, ಮಂಡಿಯಲ್ಲಿ ರೇಟೆಷ್ಟು, ಇಷ್ಟೇ. ಮೊನ್ನೆ ಹಳೇ ಆಫೀಸಿನ ಹುಡುಗನೊಬ್ಬ ಫೋನ್ ಮಾಡಿ, ನಾನೇ ಬರೆದಿದ್ದ ಕೋಡಿನ ಬಗ್ಗೆ ಏನೋ ಕೇಳಿದ. ಅವನು ಹೇಳುತ್ತಿದ್ದದ್ದು ತಲೆಗೇ ಹೋಗಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅಂತ ಕಟ್ ಮಾಡಿದೆ. ನೆಟ್‌ವರ್ಕ್ ಚೆನ್ನಾಗೇ ಇತ್ತು.

ಇನ್ನೂ ಇದೆ. ಗೆದ್ದ ಇರುವೆಯನ್ನು ಕೆಲವು ವಾರ ಒಂಟಿಯಾಗಿಟ್ಟು ವಾಪಸ್ ಗೂಡಿಗೆ ಬಿಟ್ಟರೆ, ಉಳಿದವು ಅದನ್ನು ಕಚ್ಚಿ ಹಿಡಿದುಕೊಳ್ಳುತ್ತವೆ. ಬಿಡಿಸಿಕೊಂಡ ಮೇಲೆ ಅದು ಮತ್ತೆ ಕೆಲಸದ ಇರುವೆ. ಮಿದುಳೂ ಮೊದಲಿನಷ್ಟೇ ಬೆಳೆಯುತ್ತದೆ. ವಿಜ್ಞಾನಿಗಳು 2021ರಲ್ಲಿ ಇದನ್ನು ತೋರಿಸಿದ್ದಾರೆ. ಕೆಲವು ವಾರ ಒಂಟಿಯಾಗಿರುವುದು ನನಗೇನೂ ಕಷ್ಟವಲ್ಲ, ಈಗಿರುವುದೂ ಹಾಗೇ. ಕಚ್ಚಿ ಹಿಡಿಯುವವರು ಯಾರು ಅನ್ನುವುದೇ ಪ್ರಶ್ನೆ. ಅಕ್ಕನಿಗೆ ಫೋನ್ ಮಾಡಿ ಕೇಳಬೇಕು, ಈಗಲೂ ಬೇಕಾ ಅಂತ. 'ಬೇಡ' ಅಂದುಬಿಟ್ಟರೆ ಅನ್ನುವ ಭಯಕ್ಕೇ ಮಾಡಿಲ್ಲ. ಅಕ್ಕಾ, ನೀನು ಇದನ್ನು ಓದುತ್ತೀಯ ಅಂತ ಗೊತ್ತು. ದಯವಿಟ್ಟು ಲೈಕ್ ಒತ್ತಬೇಡ.

ಸಾಕು ಬಿಡು, ಅಡಿಕೆಗೆ ರೇಟಿಲ್ಲದ ವರ್ಷ ಎಲ್ಲರೂ ವೇದಾಂತಿಗಳೇ.

ಹೇಳಲು ಹೊರಟದ್ದು ಬೇರೆ. ಮಿದುಳಿನ ಈ ಸಂಶೋಧನೆಯಲ್ಲಿ ನಿನ್ನ ಪಕ್ಕದ ಟೆಂಪೆಯ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಲ್ಯಾಬ್ ಕೂಡ ಇತ್ತು. ಅಲ್ಲಿನ ಇರುವೆಗಳ ಮೂಲ ಯಾವುದು ಗೊತ್ತಾ? ನಮ್ಮ ಜೋಗ. 1990ರ ದಶಕದಲ್ಲಿ ಒಯ್ದ ಗೂಡುಗಳ ಸಂತತಿ. ನೀನು ಸಾಗರದವನು ಅಂತ ಅಲ್ಲಿ ಯಾರಿಗಾದರೂ ಹೇಳಿದರೆ ಒಳಗೆ ಬಿಟ್ಟಾರು, ಒಂದು ಸಲ ಹೋಗಿ ಮಾತಾಡಿಸು. ನಿನಗಿಂತ ಮೊದಲು ವೀಸಾ ಸಿಕ್ಕವರು ಅವರು.

ಬರುವಾಗ ಚಾಕಲೇಟು ಬೇಡ. ಸಣ್ಣ ತುದಿಯ ಉದ್ದನೆಯ ಚಿಮ್ಮಟ ಒಂದು ತಾ. ಈಗ ನಮ್ಮ ಮನೆಯಲ್ಲಿ ಜಿರಳೆ ಹೊಡೆಯುವ ಹಾಗಿಲ್ಲ, ಜೀವಂತ ಹಿಡಿಯಬೇಕು. ಅಮ್ಮ ಹಾರ್ಲಿಕ್ಸ್ ಬಾಟಲಿ ಹಿಡಿದುಕೊಂಡು ಬಚ್ಚಲಲ್ಲಿ ನಿಂತಿದ್ದಾಳೆ, ಮುಚ್ಚಳ ಎಲ್ಲಿಟ್ಟಿದ್ದೀಯ ಅಂತ ನನ್ನನ್ನು ಬೈಯುತ್ತಿದ್ದಾಳೆ. ಹೋಗುತ್ತೇನೆ.

ನಿನ್ನ,
ಛತ್ರಿ