ಅಪ್ಪನ ಗುಟುಕು, ಮಗುವಿನ ತುತ್ತು: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ನಿನ್ನ ಪತ್ರದ ಒಂದು ಸಾಲು ಓದಿ ಗಾಬರಿಯಾಯ್ತು. ಸ್ಟ್ರೋಕ್ ಆದ ಮೇಲೆ ಮೊದಮೊದಲು ನೀರು ಕುಡಿದಾಗ ಅಪ್ಪನಿಗೆ ನೆತ್ತಿಗೆ ಹತ್ತುತ್ತಿತ್ತು, ಈಗ ಕೆಮ್ಮು ನಿಂತಿದೆ, ಹಾಗಾಗಿ ಮಾಮೂಲಿ ನೀರೇ ಕೊಡ್ತಿದ್ದೀವಿ ಅಂತ ಬರೆದಿದ್ದೀಯ. ಕೆಮ್ಮು ನಿಂತದ್ದು ಗುಣದ ಲಕ್ಷಣ ಇರಬಹುದು. ಆದರೆ ಗಂಟಲಿನ ಸ್ಪರ್ಶವೇ ಮಂಕಾಗಿದ್ದರೂ ಕೆಮ್ಮು ಬರೋದಿಲ್ಲ, ಸ್ಟ್ರೋಕ್ ಆದವರಲ್ಲಿ ಇದು ಅಪರೂಪವೇನಲ್ಲ. ನೀರು ಸದ್ದಿಲ್ಲದೆ ಶ್ವಾಸಕೋಶದ ಕಡೆ ಇಳೀತಿರುತ್ತೆ, ಮನೆಯವರು ನೆಮ್ಮದಿಯಾಗಿರ್ತಾರೆ. ಅದಕ್ಕೇ ಕೆಮ್ಮನ್ನೊಂದೇ ನೋಡಬೇಡ. ನುಂಗಿದ ಮೇಲೆ ಅವರಿಂದ ಒಮ್ಮೆ "ಆ" ಅನ್ನಿಸು. ದನಿ ಒದ್ದೆಯಾಗಿ ಗೊರಗೊರ ಅಂದರೆ ಗಂಟಲಲ್ಲಿ ಏನೋ ಉಳಿದಿದೆ ಅಂತಲೇ ತಿಳಿ. ಊಟದ ನಡುವೆ ಉಸಿರು ಏರೋದು, ಆಗಾಗ ಸಣ್ಣಗೆ ಜ್ವರ ಬರೋದು, ಊಟಕ್ಕೆ ಮುಂಚಿಗಿಂತ ಎರಡರಷ್ಟು ಹೊತ್ತು ಹಿಡಿಯೋದು, ತೂಕ ಇಳಿಯೋದು, ಇವನ್ನೆಲ್ಲ ದಿನಾಂಕ ಹಾಕಿ ಬರೆದಿಡು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ಕೆಲಸಕ್ಕೆ ಬರೋದಿಲ್ಲ, ನೀರು ಒಳಗೆ ಇಳಿದಾಗಲೂ ಅದು ಮಾಮೂಲಿ ಅಂಕಿಯನ್ನೇ ತೋರಿಸಬಹುದು.

ನುಂಗುವಾಗ ಗಂಟಲ ಭಾಗದ ಕೆಲಸ ಹೆಚ್ಚುಕಡಿಮೆ ಒಂದೇ ಸೆಕೆಂಡಿನಲ್ಲಿ ಮುಗಿಯುತ್ತೆ. ಅಷ್ಟರಲ್ಲಿ ಉಸಿರು ನಿಲ್ಲಬೇಕು, ಮೂಗಿನ ದಾರಿ ಮುಚ್ಚಬೇಕು, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ಧ್ವನಿತಂತುಗಳು ಕೂಡಿಕೊಳ್ಳಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಒಬ್ಬರಲ್ಲಿ ಇದೆಲ್ಲ ಶುರುವಾಗೋದೇ ತಡ. ಇನ್ನೊಬ್ಬರಲ್ಲಿ ಸಮಯಕ್ಕೆ ಸರಿಯಾಗಿ ಶುರುವಾದರೂ ಒಂದು ಬದಿಯ ಸ್ನಾಯು ಸೋತಿರುತ್ತೆ. ಮತ್ತೊಬ್ಬರಲ್ಲಿ ಅನ್ನನಾಳದ ಬಾಯಿ ಪೂರ್ತಿ ತೆರೆಯೋದಿಲ್ಲ. ಹೊರಗಿನಿಂದ ಮೂವರದ್ದೂ "ನುಂಗೋಕೆ ಕಷ್ಟ" ಅಷ್ಟೇ, ಆದರೆ ಮೂವರ ಮದ್ದೂ ಬೇರೆ ಬೇರೆ. ವಿಡಿಯೊ ನೋಡಿ ವ್ಯಾಯಾಮ ಶುರು ಮಾಡ್ತೀನಿ ಅಂದದ್ದಕ್ಕೆ ನಾನು ಬೇಡ ಅನ್ನೋದು ಇದಕ್ಕೇ.

ಮೊದಲು ಪರೀಕ್ಷೆ ಆಗಲಿ. ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ನೀರು, ಆಹಾರ ಕೊಟ್ಟು ಎಕ್ಸ್‌ರೇಯಲ್ಲಿ ವಿಡಿಯೊ ತೆಗೆಯೋದು ಒಂದು ಬಗೆ. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡೋದು ಇನ್ನೊಂದು. ಎರಡನೆಯದರಲ್ಲಿ ನುಂಗುವ ಆ ಕ್ಷಣ ಪರದೆ ಬೆಳ್ಳಗಾಗಿ ಏನೂ ಕಾಣೋದಿಲ್ಲ, ಮೊದಲೂ ಆಮೇಲೂ ಏನಾಯ್ತು ಅನ್ನೋದು ಮಾತ್ರ ಸ್ಪಷ್ಟ. ಆದರೆ ಹಾಸಿಗೆಯ ಪಕ್ಕದಲ್ಲೇ ಮಾಡಬಹುದು, ವಿಕಿರಣವೂ ಇಲ್ಲ. ಯಾವುದಾದರೂ ಸರಿ, "ಅಪಾಯ ಇದೆಯಾ ಇಲ್ಲವಾ" ಅಂತಷ್ಟೇ ಕೇಳಿ ಎದ್ದು ಬರಬೇಡ. ತಪ್ಪು ಯಾವ ಹಂತದಲ್ಲಿ, ಗಂಟಲಿನ ಯಾವ ಬದಿ ಸೋತಿದೆ, ಯಾವ ದಪ್ಪದ ದ್ರವ ಸುರಕ್ಷಿತ, ಯಾವ ಭಂಗಿಯಲ್ಲಿ ಚೆನ್ನಾಗಿ ಇಳೀತು, ಇಷ್ಟನ್ನೂ ಮಾತಿನ ಜೊತೆ ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಬರೆಸಿಕೊಂಡು ಬಾ.

ಭಂಗಿಯ ವಿಷಯ. ಗದ್ದವನ್ನು ಎದೆಯ ಕಡೆ ಬಗ್ಗಿಸಿ ನುಂಗಿ ಅಂತ ಎಲ್ಲರಿಗೂ ಹೇಳಿಬಿಡ್ತಾರೆ. ನುಂಗುವಿಕೆ ತಡವಾಗಿ ಶುರುವಾಗುವವರಿಗೆ ಇದು ಒಳ್ಳೆಯದು, ಶ್ವಾಸದ್ವಾರ ಕಿರಿದಾಗುತ್ತೆ. ಆದರೆ ಅನ್ನನಾಳದ ಬಾಯಿಯ ಅಕ್ಕಪಕ್ಕದ ಗುಂಡಿಗಳಲ್ಲಿ ಆಹಾರ ನಿಲ್ಲುವವರಿಗೆ ಇದೇ ಉಪಾಯ ತಿರುಗುಬಾಣ, ತಲೆ ಬಗ್ಗಿಸಿದಾಗ ಅಲ್ಲಿ ನಿಂತದ್ದು ಚೆಲ್ಲಿ ಶ್ವಾಸನಾಳಕ್ಕೆ ಬೀಳಬಹುದು. ಗಂಟಲಿನ ಒಂದು ಬದಿ ಸೋತಿದ್ದರೆ ಮುಖವನ್ನು ಸೋತ ಬದಿಗೆ ತಿರುಗಿಸಬೇಕು, ಆಗ ಆ ಕಡೆಯ ದಾರಿ ಮುಚ್ಚಿ ತುತ್ತು ಗಟ್ಟಿ ಬದಿಯಿಂದ ಇಳಿಯುತ್ತೆ. ತಿರುಗಿಸದೆ ಬರೀ ವಾಲಿಸೋದಾದರೆ ಗಟ್ಟಿ ಬದಿಗೆ ವಾಲಿಸಬೇಕು. ಇವೆರಡನ್ನೂ ಅದಲುಬದಲು ಮಾಡುವವರೇ ಹೆಚ್ಚು, ನೀನು ಚೀಟಿ ಬರೆದು ಗೋಡೆಗೆ ಅಂಟಿಸು. ಎಲ್ಲರಿಗೂ ಹೊಂದುವ ನಿಯಮ ಅಂದರೆ ಬೆನ್ನು ನೆಟ್ಟಗೆ, ಪಾದ ಊರಿ ಕೂತು ತಿನ್ನೋದು, ತಿಂದ ಮೇಲೆ ಕನಿಷ್ಠ 30 ನಿಮಿಷ ಮಲಗದಿರೋದು. ತಿನ್ನಿಸುವವರು ನಿಂತುಕೊಂಡು ಮೇಲಿನಿಂದ ಚಮಚ ಚಾಚಿದರೆ ತಿನ್ನುವವರು ತಲೆ ಹಿಂದಕ್ಕೆತ್ತುತ್ತಾರೆ, ಶ್ವಾಸನಾಳ ತೆರೆದುಕೊಳ್ಳುತ್ತೆ. ಎದುರಿಗೆ ಅವರ ಕಣ್ಣಿನ ಮಟ್ಟದಲ್ಲಿ ಕೂತು ತಿನ್ನಿಸು.

ಈಗ ದಪ್ಪದ ವಿಷಯ. ಎಡವೋದೆಲ್ಲ ಇಲ್ಲೇ. "ಸ್ವಲ್ಪ ಗಟ್ಟಿ ಮಾಡಿ ಕೊಡಿ" ಅನ್ನೋ ಮಾತಿಗೆ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಅರ್ಥ. ಅದಕ್ಕೇ ಐಡಿಡಿಎಸ್‌ಐ ಅನ್ನೋ ಅಂತರರಾಷ್ಟ್ರೀಯ ಮಾಪನ ಇದೆ, 0ಯಿಂದ 7ರವರೆಗೆ. ಬರೀ ನೀರು 0, ಮಾಮೂಲಿ ಊಟ 7. ದ್ರವ ಅಳೆಯೋದು ಸುಲಭ. 10 ಮಿಲೀ ಸಿರಿಂಜ್ ತಗೊಂಡು ಒಳಗಿನ ದಂಡ ತೆಗೆದುಬಿಡು, ಸೂಜಿ ಬೇಡ. ತುದಿಗೆ ಬೆರಳು ಒತ್ತಿ 10ರ ಗೆರೆವರೆಗೆ ತುಂಬಿಸು. ಬೆರಳು ತೆಗೆದು ಸರಿಯಾಗಿ 10 ಸೆಕೆಂಡಿಗೆ ಮತ್ತೆ ಮುಚ್ಚು. ಉಳಿದದ್ದು 1 ಮಿಲೀಗಿಂತ ಕಡಿಮೆ ಇದ್ದರೆ ಮಟ್ಟ 0. 1ರಿಂದ 4 ಉಳಿದರೆ ಮಟ್ಟ 1, 4ರಿಂದ 8 ಆದರೆ ಮಟ್ಟ 2. 8ಕ್ಕಿಂತ ಹೆಚ್ಚು ಉಳಿದು ಇನ್ನೂ ತೊಟ್ಟಿಕ್ಕುತ್ತಿದ್ದರೆ ಮಟ್ಟ 3. ಹರಿಯದೇ ಹಾಗೇ ನಿಂತರೆ ಮಟ್ಟ 4, ಅದನ್ನು ಚಮಚದಲ್ಲೇ ಕೊಡಬೇಕು. ಸಿರಿಂಜ್ ಕೊಳ್ಳುವಾಗ ಸ್ಕೇಲ್ ಇಟ್ಟು ನೋಡು, 0ಯಿಂದ 10ರ ಗೆರೆವರೆಗೆ 61.5 ಮಿಲಿಮೀಟರ್ ಇರಬೇಕು. ಬೇರೆ ಅಳತೆಯದ್ದಾದರೆ ಈ ಅಂಕಿಗಳು ಲೆಕ್ಕಕ್ಕೆ ಬರೋದಿಲ್ಲ.

ದ್ರವ ಗಟ್ಟಿ ಮಾಡೋಕೆ ಬೆರೆಸುವ ಥಿಕನರ್ ಪುಡಿ ಎರಡು ಬಗೆ. ಪಿಷ್ಟದ್ದು ಇಟ್ಟಷ್ಟೂ ಗಟ್ಟಿಯಾಗ್ತಾ ಹೋಗುತ್ತೆ, ಎಂಜಲು ತಾಗಿದರೆ ನೀರಾಗುತ್ತೆ. ಬಾಯಿಗಿಟ್ಟ ಚಮಚವನ್ನು ಮತ್ತೆ ಲೋಟಕ್ಕೆ ಅದ್ದುತ್ತಾ ಕೊಟ್ಟರೆ ಲೋಟದ ತಳದ ಹೊತ್ತಿಗೆ ದಪ್ಪವೇ ಇರೋದಿಲ್ಲ. ಕ್ಸಾಂಥನ್ ಗಮ್ ಅನ್ನೋ ಅಂಟು ಇರುವ ಪುಡಿಗೆ ಈ ಕಾಟ ಇಲ್ಲ. ಯಾವುದೇ ಆಗಲಿ, ಫೋರ್ಕಿನಲ್ಲಿ ತಿರುವುತ್ತಾ ಪುಡಿ ಉದುರಿಸು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡು, ಆಮೇಲೆ ಅಳೆ. ತೆಳ್ಳಗೆ ಕಂಡಿತು ಅಂತ ಅವಸರಕ್ಕೆ ಇನ್ನೊಂದು ಚಮಚ ಸುರಿಯಬೇಡ. ಹಾಲು ಗಟ್ಟಿಯಾಗೋಕೆ ನೀರಿಗಿಂತ ತಡ. ಇನ್ನೊಂದು ವಿಷಯ: ಗಟ್ಟಿಯಾದಷ್ಟೂ ಕ್ಷೇಮ ಅನ್ನೋ ಲೆಕ್ಕ ಸುಳ್ಳು. ಸ್ನಾಯು ಸೋತವರಿಗೆ ಅತಿ ಗಟ್ಟಿಯಾದದ್ದು ಗಂಟಲಲ್ಲೇ ಮೆತ್ತಿಕೊಳ್ಳುತ್ತೆ. ರುಚಿ ಕೆಟ್ಟು ಅವರು ಕುಡಿಯೋದನ್ನೇ ಬಿಟ್ಟರೆ ಮೂತ್ರ ಕಡಿಮೆಯಾಗುತ್ತೆ, ಮಲಬದ್ಧತೆಯೂ ಶುರುವಾಗುತ್ತೆ. ದಿನಕ್ಕೆ ಎಷ್ಟು ಕುಡಿದರು ಅಂತ ಮಿಲೀಯಲ್ಲಿ ಬರೆದಿಡು.

ಐಸ್‌ಕ್ರೀಮ್ ಗಟ್ಟಿಯಲ್ಲವಾ ಅಂತ ನೀನು ಕೇಳಿದ್ದೆ. ಬಾಯಿಗೆ ಹೋಗುವಾಗ ಗಟ್ಟಿ, ಗಂಟಲಿಗೆ ತಲುಪುವಾಗ ನೀರು, ಹಾಗಾಗಿ ನೀರು ಬೇಡ ಅಂದವರಿಗೆ ಅದೂ ಬೇಡ. ತರಕಾರಿ ತುಂಡು ತೇಲುವ ತೆಳು ಸೂಪ್ ಇನ್ನೂ ಕಷ್ಟ, ಅಗಿಯುತ್ತಿರುವಾಗಲೇ ನೀರು ಮುಂದೆ ಓಡಿಬಿಡುತ್ತೆ.

ಬಾಯಿ ಸ್ವಚ್ಛತೆಯನ್ನು ಯಾರೂ ಚಿಕಿತ್ಸೆ ಅಂತ ಎಣಿಸೋದೇ ಇಲ್ಲ. ಶ್ವಾಸಕೋಶಕ್ಕೆ ಇಳಿದ ನೀರಿಗಿಂತ ಅದರ ಜೊತೆ ಹೋಗುವ ಬಾಯಿಯ ಬ್ಯಾಕ್ಟೀರಿಯಾವೇ ಹೆಚ್ಚಾಗಿ ನ್ಯುಮೋನಿಯಾ ತರೋದು. ಹಲ್ಲು, ನಾಲಿಗೆ, ಸೋತ ಬದಿಯ ಕೆನ್ನೆಯ ಸಂದು, ಹಲ್ಲಿನ ಸೆಟ್ ಇದ್ದರೆ ಅದು, ಎಲ್ಲವನ್ನೂ ಊಟವಾದಾಗೆಲ್ಲ ಉಜ್ಜಬೇಕು. ಮೂಗಿನ ನಳಿಕೆಯಿಂದ ಊಟ ಹೋಗುವವರಿಗೂ ಇದು ತಪ್ಪಬಾರದು. ಕೆಲವರಿಗೆ ಥೆರಪಿಸ್ಟ್ ಊಟವಾಗಿ 30 ನಿಮಿಷದ ನಂತರ, ಬಾಯಿ ತೊಳೆದು, ಬರೀ ನೀರಿಗೆ ಅನುಮತಿ ಕೊಡ್ತಾರೆ. ಅಪ್ಪನಿಗೆ ಆಗುತ್ತಾ ಅಂತ ಕೇಳಿ ನೋಡು, ನೀನಾಗಿ ತೀರ್ಮಾನಿಸಬೇಡ.

ವ್ಯಾಯಾಮಗಳಲ್ಲಿ ಒಂದನ್ನು ಹೇಳ್ತೀನಿ. ಅನ್ನನಾಳದ ಬಾಯಿ ಸರಿಯಾಗಿ ತೆರೆಯದವರಿಗೆ ಶೇಕರ್ ವ್ಯಾಯಾಮ: ಅಂಗಾತ ಮಲಗಿ, ಭುಜ ಎತ್ತದೆ, ತಲೆ ಮಾತ್ರ ಎತ್ತಿ ಕಾಲ್ಬೆರಳು ನೋಡೋದು. ಒಂದು ನಿಮಿಷ ಹಿಡಿದು ಒಂದು ನಿಮಿಷ ವಿರಾಮ, ಹೀಗೆ 3 ಸಲ. ಆಮೇಲೆ ಹಿಡಿಯದೆ 30 ಸಲ ಎತ್ತಿ ಇಳಿಸೋದು. ದಿನಕ್ಕೆ 3 ಹೊತ್ತು, 6 ವಾರ. ಕತ್ತಿನ ತೊಂದರೆ ಇರುವವರಿಗೆ ಸಲ್ಲದು, ಅಂಥವರಿಗೆ ಗದ್ದದ ಕೆಳಗೆ ಮೆತ್ತನೆ ಚೆಂಡು ಒತ್ತುವ ವ್ಯಾಯಾಮ ಹೇಳಿಕೊಡ್ತಾರೆ. ಉಸಿರು ಬಿಗಿಹಿಡಿದು ನುಂಗಿ ಕೆಮ್ಮುವ ಉಪಾಯವನ್ನು ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮಾಡಲೇಬಾರದು. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ನುಂಗೋದು ಎಂಜಲಿನ ಜೊತೆ ಮಾತ್ರ, ಆಹಾರದ ಜೊತೆ ಎಂದೂ ಬೇಡ. ಪೀಪಿ ಊದಿಸುವಂಥ ಕಸರತ್ತುಗಳ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ. ನುಂಗೋದು ಸುಧಾರಿಸಬೇಕಾದರೆ ಹೆಚ್ಚಾಗಿ ನುಂಗುವ ಅಭ್ಯಾಸವೇ ಆಗಬೇಕು.

ನಿನ್ನ ತಂಗಿಯ ಮಗಳ ವಿಷಯ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹತೋಟಿ ತಪ್ಪುವ ಸ್ಥಿತಿ) ಇರುವ ಮಗುವಿಗೆ ಚಮಚಕ್ಕಿಂತ ಮೊದಲು ಕುರ್ಚಿ ಸರಿಯಾಗಬೇಕು. ಸೊಂಟ, ಮಂಡಿ, ಪಾದದ ಕೀಲು ಮೂರೂ 90 ಡಿಗ್ರಿ, ಪಾದಕ್ಕೆ ಆಸರೆ. ಸೊಂಟ ಜಾರಿದರೆ ತಲೆ ಹಿಂದಕ್ಕೆ ಹೋಗುತ್ತೆ. ತಗ್ಗಿಲ್ಲದ, ಒಡೆಯದ ಚಮಚ ಬೇಕು. ನೇರವಾಗಿ ಒಳಗಿಟ್ಟು ನಾಲಿಗೆಯ ನಡುಭಾಗವನ್ನು ಮೆಲ್ಲಗೆ ಒತ್ತಿ, ಮೇಲ್ದುಟಿ ತಾನಾಗಿ ಕೆಳಗಿಳಿಯುವವರೆಗೆ ಕಾದು, ನೇರವಾಗಿಯೇ ಹೊರಗೆ ತೆಗೆಯಬೇಕು. ಮೇಲ್ಹಲ್ಲಿಗೆ ಒರೆಸಿ ತೆಗೆದರೆ ತುಟಿಗೆ ಕೆಲಸವೇ ಇರೋದಿಲ್ಲ. ಮಗು ಚಮಚ ಕಚ್ಚಿ ಹಿಡಿದರೆ ಎಳೆಯಬೇಡಿ ಅಂತ ಹೇಳು, ಎಳೆದಷ್ಟೂ ಕಚ್ಚು ಬಿಗಿಯಾಗುತ್ತೆ, ಸುಮ್ಮನೆ ಕಾದರೆ ತಾನೇ ಸಡಿಲವಾಗುತ್ತೆ. ಮೆತ್ತಗೆ ಕೊಚ್ಚಿದ, ಐಡಿಡಿಎಸ್‌ಐ 5ನೇ ಮಟ್ಟದ ಆಹಾರದಲ್ಲಿ ದೊಡ್ಡವರಿಗೆ 4 ಮಿಲಿಮೀಟರ್ ಚೂರು ನಡೆಯುತ್ತೆ, ಮಕ್ಕಳಿಗೆ 2 ಮಿಲಿಮೀಟರ್ ಮಾತ್ರ. ಊಟ 30 ನಿಮಿಷಕ್ಕೆ ಮುಗಿಯಲಿ. ಅದಕ್ಕಿಂತ ಎಳೆದರೆ ಮಗು ದಣಿದು ತಪ್ಪು ನುಂಗುತ್ತೆ, ಅದರ ಬದಲು ಹೊತ್ತುಗಳನ್ನು ಹೆಚ್ಚಿಸಬಹುದು. ಬಾಯಿ ತಿರುಗಿಸಿದರೆ ನಿಲ್ಲಿಸಬೇಕು. ಕೈಕಾಲು ಹಿಡಿದು ತುರುಕಿದ ಮಗು ಮುಂದೆ ಚಮಚ ಕಂಡರೇ ಓಕರಿಸುತ್ತೆ, ಅದನ್ನು ಬಿಡಿಸೋಕೆ ತಿಂಗಳುಗಟ್ಟಲೆ ಬೇಕು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗಂತೂ ಅಂಗಡಿಯಿಂದ ತಂದ ಥಿಕನರ್ ಡಾಕ್ಟರ್ ಹೇಳದೆ ಕೊಡಲೇಬಾರದು.

ಅಪ್ಪನ ಮಾತ್ರೆಗಳನ್ನು ಪುಡಿ ಮಾಡಿ ಕೊಡ್ತಿದ್ದೀಯ ಅಂದೆಯಲ್ಲ, ಇವತ್ತೇ ಆ ಪಟ್ಟಿಯನ್ನು ಫಾರ್ಮಸಿಸ್ಟ್‌ಗೆ ತೋರಿಸು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆ ಪುಡಿಯಾದರೆ ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಸೇರುತ್ತೆ. ಕೆಲವು ಔಷಧಕ್ಕೆ ಸಿರಪ್ ಸಿಗುತ್ತೆ, ಆದರೆ ಸಿರಪ್ಪಿನ ದಪ್ಪವನ್ನೂ ಸಿರಿಂಜಿನಲ್ಲಿ ಅಳೆದೇ ಕೊಡು. ಪರೀಕ್ಷೆಯ ವರದಿ ಬಂದ ಮೇಲೆ ಕಳಿಸು, ಓದಿ ಹೇಳ್ತೀನಿ.

ನಿನ್ನ ಗೆಳೆಯ