ಸಮುರಾಯ್ ಕವಚದ ರೇಷ್ಮೆಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಜಪಾನಿನ ಸಮುರಾಯ್ ಯೋಧರ ಬಗ್ಗೆ ಬಂದ ಲೇಖನ ಓದಿದೆ. ಕತ್ತಿಗೆ ಅರ್ಧ ಪುಟ ಸಿಕ್ಕಿದೆ, ಕವಚಕ್ಕೆ ‘ಉಕ್ಕಿನ ಉಡುಪು’ ಎಂಬ ಎರಡೇ ಪದ. ರೇಷ್ಮೆ ನೂಲು ಬಿಚ್ಚುವ ಕಸುಬಿನವನಾದ ನಾನು ಇದನ್ನು ಒಪ್ಪಲಾರೆ. ಆ ಕವಚ ಬಿಡಿಬಿಡಿಯಾಗಿ ಉದುರದಂತೆ ಹಿಡಿದಿದ್ದದ್ದು ರೇಷ್ಮೆ.

ಸುಮಾರು 10ನೇ ಶತಮಾನದಿಂದ ರೂಪುಗೊಂಡ ‘ಓ-ಯೊರೋಯಿ’ ಎಂಬ ಮಹಾಕವಚದಲ್ಲಿ ಕಬ್ಬಿಣ ಮತ್ತು ತೊಗಲಿನ ಸಾವಿರಾರು ಸಣ್ಣ ಪಟ್ಟಿಗಳಿರುತ್ತಿದ್ದವು. ಅವಕ್ಕೆ ತೂತು ಕೊರೆದು, ತೇವ ತಾಗದಂತೆ ಉರುಷಿ ಮರದ ಹಾಲಿನಿಂದ ಮಾಡಿದ ಮೆರುಗೆಣ್ಣೆ ಬಳಿದು, ಹೆಣೆದ ರೇಷ್ಮೆ ಹುರಿಯಿಂದ ಸಾಲಿನ ಕೆಳಗೆ ಸಾಲು ತೂಗುಬಿಡುತ್ತಿದ್ದರು. ಹುರಿಯ ಬಣ್ಣವೇ ಕವಚಕ್ಕೆ ಹೆಸರು ಕೊಡುತ್ತಿತ್ತು. ಸುಮಾರು 30 ಕಿಲೋ ತೂಗುವ ಇದು ಕುದುರೆಯ ಮೇಲೆ ಕುಳಿತು ಬಾಣ ಬಿಡುವವನಿಗೆ ಹೇಳಿ ಮಾಡಿಸಿದ್ದು. ಆ ಕಾಲದ ಸಮುರಾಯ್ ಮೊದಲು ಬಿಲ್ಲುಗಾರ, ಕತ್ತಿ ಆಮೇಲಿನ ಮಾತು.

15ನೇ ಶತಮಾನದ ಅಂತಃಕಲಹಗಳಲ್ಲಿ ಕಾಲಾಳುಗಳ ಈಟಿ ಮುಂದೆ ಬಂತು. 1543ರಲ್ಲಿ ಪೋರ್ಚುಗೀಸರ ಬಂದೂಕು ತನೆಗಷಿಮಾ ದ್ವೀಪಕ್ಕೆ ಬಂದಿಳಿಯಿತು. ಸಣ್ಣ ಪಟ್ಟಿಗಳ ಜಾಗಕ್ಕೆ ದೊಡ್ಡ ಕಬ್ಬಿಣದ ಹಲಗೆಗಳು ಬಂದವು, ಹುರಿಯ ಹೆಣಿಗೆ ವಿರಳವಾಯಿತು. ಗುಂಡು ಹಾರಿಸಿ ಪರೀಕ್ಷಿಸಿದ ಎದೆಗವಚಗಳಲ್ಲಿ ಆ ಗುಂಡಿನ ತಗ್ಗನ್ನು ಹಾಗೆಯೇ ಉಳಿಸುತ್ತಿದ್ದರು, ಕೊಳ್ಳುವವನಿಗೆ ಅದೇ ಖಾತರಿ.

ಒತ್ತಾದ ರೇಷ್ಮೆ ಹೆಣಿಗೆಯ ತೊಂದರೆಗಳನ್ನು ಸಕಾಕಿಬಾರ ಕೋಜಾನ್ ಎಂಬ ಪಂಡಿತ 1800ರಲ್ಲಿ ಬರೆದಿಟ್ಟಿದ್ದಾನೆ. ನೆನೆದರೆ ವಿಪರೀತ ಭಾರ, ಬೇಗ ಒಣಗದು, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಒಳಗೆ ಹೊಕ್ಕ ಕೆಸರು ಎಷ್ಟು ತೊಳೆದರೂ ಹೋಗದು. ದೀರ್ಘ ದಂಡಯಾತ್ರೆಯಲ್ಲಿ ನಾರುತ್ತದೆ, ಇರುವೆ ಮತ್ತು ಹೇನು ಸೇರಿಕೊಳ್ಳುತ್ತವೆ. ನೆನೆದ ರೇಷ್ಮೆ ಲಡಿಯನ್ನು ಎತ್ತಿದ ಯಾರಿಗಾದರೂ ಆ ಭಾರ ಗೊತ್ತು. ಯುದ್ಧವೆಂದರೆ ಹೀಗೆ ಒದ್ದೆ ಬಟ್ಟೆಯಲ್ಲಿ ವಾರಗಟ್ಟಲೆ ನಡೆಯುವುದು ಎಂಬುದನ್ನು ಮಕ್ಕಳಿಗೂ ಹೇಳಬೇಕು.

ಅವನು ಅದನ್ನು ಬರೆದ ಕಾರಣ ಇನ್ನೂ ಮುಖ್ಯ. 1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲೆ, 1637–38ರ ಷಿಮಬರ ದಂಗೆಯನ್ನು ಬಿಟ್ಟರೆ, ಎರಡು ಶತಮಾನಕ್ಕೂ ಹೆಚ್ಚು ಕಾಲ ದೊಡ್ಡ ಯುದ್ಧವೇ ಇರಲಿಲ್ಲ. ಸಮುರಾಯ್‌ಗಳು ಅಕ್ಕಿಯ ಲೆಕ್ಕದ ಸಂಬಳ ಪಡೆದು ಲೆಕ್ಕಪತ್ರ ಬರೆದರು, ತೆರಿಗೆ ನೋಡಿಕೊಂಡರು. ಆಗ ಶ್ರೀಮಂತ ಒಡೆಯರು ಹಳೆಯ ಶೈಲಿಯ ಒತ್ತು ಹೆಣಿಗೆಯ ಕವಚಗಳನ್ನು ಮತ್ತೆ ಮಾಡಿಸತೊಡಗಿದರು. ಅವು ನೋಡಲು ಬಲು ಸೊಗಸು, ಕಾದಾಟಕ್ಕೆ ಒದಗುವಂಥವಲ್ಲ. ಕೋಜಾನ್ ಎಚ್ಚರಿಸಿದ್ದು ಇದರ ಬಗ್ಗೆಯೇ. ನಿಮ್ಮ ಲೇಖಕರು ಸಾವಿರ ವರ್ಷದಷ್ಟು ಹಳೆಯದೆಂದ ‘ಬುಷಿದೊ’ ಎಂಬ ಯೋಧರ ನಡತೆಯ ನೀತಿಯ ಬಹುಪಾಲು ಬರಹವೂ ಇದೇ ಶಾಂತಿಕಾಲದ್ದು. ಅದನ್ನು ಹೊರಜಗತ್ತಿಗೆ ಪರಿಚಯಿಸಿದ ಜಪಾನಿ ಲೇಖಕ ನಿತೋಬೆ ಇನಾಜೊ ಅವರ ಇಂಗ್ಲಿಷ್ ಪುಸ್ತಕ ಬಂದದ್ದು 1900ರಲ್ಲಿ. ಸಮುರಾಯ್‌ಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ಸರ್ಕಾರ 1876ರಲ್ಲಿಯೇ ನಿಷೇಧಿಸಿತ್ತು.

ಕಮ್ಮಾರ, ಚಮ್ಮಾರ, ಮೆರುಗಿನವರು, ಹುರಿ ಹೆಣೆಯುವವರು ಸೇರಿ ಮಾಡಿದ ವಸ್ತುವನ್ನು ಧರಿಸಿದವನ ಹೆಸರಿನಲ್ಲಿ ಮಾತ್ರ ನೆನೆಯುವುದು ನ್ಯಾಯವಲ್ಲ. ಜೊತೆಗೆ, ಬಂದೂಕುಗಳು ಮೊಳಗಿದ 1600ರ ಸೆಕಿಗಹಾರ ಕದನದ ಯೋಧರಿಗೆ ನಿಮ್ಮ ಚಿತ್ರಕಾರರು ಬಿಲ್ಲುಗಾರರ ಕಾಲದ ಮಹಾಕವಚವನ್ನು ತೊಡಿಸಿದ್ದಾರೆ. ಶಾಲೆಯ ಮಕ್ಕಳು ಈ ಚಿತ್ರಗಳನ್ನು ಕತ್ತರಿಸಿ ಅಂಟಿಸಿಕೊಳ್ಳುತ್ತಾರೆ. ಮುಂದಿನ ವಾರ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ರೇಷ್ಮೆ ನೂಲು ಬಿಚ್ಚಾಣಿಕೆದಾರ, ಶಿಡ್ಲಘಟ್ಟ