ತಾಮ್ರದ ನಾಣ್ಯ ಸಿಕ್ಕರೆ ಉಜ್ಜಬೇಡಿ, ಸಿಕ್ಕ ಜಾಗ ಬರೆದಿಡಿ

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುವ ಮೆಟಲ್ ಡಿಟೆಕ್ಟರುಗಳು ಈಗ ಸಕಲೇಶಪುರ, ಬೇಲೂರು, ಮೂಡಿಗೆರೆ ಸೀಮೆಯ ಕಾಫಿ ತೋಟಗಳಿಗೂ ಬಂದಿವೆ. ಮಳೆನೀರು ಇಂಗಲೆಂದು ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆದಾಗ ಮೇಲೆದ್ದ ಮಣ್ಣಿನಲ್ಲಿ, ಬೇಸಿಗೆಯಲ್ಲಿ ಹೇಮಾವತಿ ಜಲಾಶಯದ ನೀರು ಹಿಂದೆ ಸರಿದು ಮುಳುಗಡೆಯಾದ ನೆಲ ತೆರೆದುಕೊಂಡಾಗ, ಯುವಕರು ಈ ಯಂತ್ರ ಹಿಡಿದು ಓಡಾಡುವುದನ್ನು ಕಾಣಬಹುದು. ಇವರನ್ನೆಲ್ಲ ನಿಧಿಗಳ್ಳರೆಂದು ಜರೆಯುವುದು ನನ್ನ ಉದ್ದೇಶವಲ್ಲ; ಅಮಾವಾಸ್ಯೆಯ ರಾತ್ರಿ ಪಾಳುಗುಡಿಯ ಪೀಠ ಕಿತ್ತು ಗುಂಡಿ ತೋಡುವವರ ಗುಂಪೇ ಬೇರೆ. ಆದರೆ ಹವ್ಯಾಸಕ್ಕೆಂದು ಹುಡುಕುವವರ ಕೈಗೆ ಸಿಕ್ಕ ತಾಮ್ರದ ನಾಣ್ಯಗಳು ತಪ್ಪು ಹೆಸರು ಅಂಟಿಸಿಕೊಂಡು, ಹುಣಸೆಹಣ್ಣಿನಲ್ಲಿ ತೊಳೆಸಿಕೊಂಡು, ಎಲ್ಲಿ ಸಿಕ್ಕಿದ್ದವೆಂಬ ಸುಳಿವೂ ಉಳಿಯದೆ ಯಾರದೋ ಕಪಾಟು ಸೇರುತ್ತಿವೆ.

ಈ ಯಂತ್ರ ಕೂಗಿದಲ್ಲೆಲ್ಲ ಇತಿಹಾಸವಿರುವುದಿಲ್ಲ. ನಮ್ಮ ಕಬ್ಬಿಣಾಂಶದ ಕೆಂಪು ಮಣ್ಣೇ ಅದನ್ನು ಸುಮ್ಮಸುಮ್ಮನೆ ಕೂಗಿಸುತ್ತದೆ, ಉಳಿದದ್ದನ್ನು ಮದ್ಯದ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳಗಳು ನೋಡಿಕೊಳ್ಳುತ್ತವೆ. ನಾಣ್ಯಗಳಲ್ಲಿಯೂ 1835ರ ನಂತರದ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ, 1862ರಿಂದ ಬಂದ ವಿಕ್ಟೋರಿಯಾ ಮುಖದ ಕಾಲಾಣೆ, 1943ರಿಂದ 1947ರವರೆಗಿನ ನಡುವೆ ತೂತಿರುವ ಕಾಸು, ಇಂಥವನ್ನು ಗುರುತಿಸಲು ಯಾರ ನೆರವೂ ಬೇಡ. ಇಸವಿ ಅವುಗಳ ಮೇಲೆಯೇ ಇದೆ.

ಗೊಂದಲವಿರುವುದು ಆನೆಯ ಚಿತ್ರವಿರುವ ನಾಣ್ಯಗಳಲ್ಲಿ. ನಮ್ಮ ಪಕ್ಕದ ತೋಟದ ಹುಡುಗನೊಬ್ಬ ತಂದು ತೋರಿಸಿದ ನಾಣ್ಯವನ್ನು ಅವನ ವಾಟ್ಸ್‌ಆ್ಯಪ್ ಬಳಗ ಆಗಲೇ ‘ಹೊಯ್ಸಳರದು’ ಎಂದು ತೀರ್ಮಾನಿಸಿಬಿಟ್ಟಿತ್ತು. ಸುಮಾರು ಹನ್ನೊಂದು ಗ್ರಾಂ ತೂಗುತ್ತಿದ್ದ ಆ ದಪ್ಪ ಬಿಲ್ಲೆಯನ್ನು ಬೆಳಗಿನ ಓರೆ ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದಾಗ, ಒಂದು ಬದಿಯಲ್ಲಿ ಸೊಂಡಿಲು ಇಳಿಬಿಟ್ಟ ಆನೆಯೂ, ಇನ್ನೊಂದು ಬದಿಯಲ್ಲಿ ಹಸಿರು ಕಿಲುಬಿನ ಅಡಿಯಿಂದ ಪಾರ್ಸಿ ಅಕ್ಷರಗಳೂ ಕಂಡವು. ಅದು ನಗರದ, ಅಂದರೆ ಹಿಂದಿನ ಬಿದನೂರಿನ, ಟಂಕಸಾಲೆಯಲ್ಲಿ ಅಚ್ಚಾದ ಟಿಪ್ಪುವಿನ ಒಂದು ಪೈಸೆ. ಮಂಜರಾಬಾದಿನಲ್ಲಿ ಕೋಟೆ ಕಟ್ಟಿಸಿದವನ ನಾಣ್ಯ ಸಕಲೇಶಪುರದ ಮಣ್ಣಿನಲ್ಲಿ ಸಿಗುವುದು ಸಹಜವೇ. ಹೊಯ್ಸಳರದೆಂದು ಹೆಸರಾದ, ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬರಹವುಳ್ಳ ನಾಣ್ಯಗಳು ಚಿನ್ನದವು; ಬೇಲೂರಿನ ಹತ್ತಿರ ಸಿಕ್ಕಿತೆಂಬ ಮಾತ್ರಕ್ಕೆ ತಾಮ್ರದ ಕಾಸು ವಿಷ್ಣುವರ್ಧನನದಾಗುವುದಿಲ್ಲ.

ಆನೆಯನ್ನು ಬಿಟ್ಟು ಹಿಂಬದಿಯನ್ನು ಮೊದಲು ನೋಡಬೇಕು. ಚಿಕ್ಕ ಬಿಲ್ಲೆಯ ಹಿಂಬದಿಯಲ್ಲಿ ‘ರಾಯ ಗಜಗಂಡಭೇರುಂಡ’ ಎಂಬ ಕನ್ನಡ ಅಕ್ಷರಗಳಿದ್ದರೆ ಅದು 15ನೇ ಶತಮಾನದ ವಿಜಯನಗರದ ದೇವರಾಯನದು. ಅಡ್ಡ ಉದ್ದ ಗೆರೆಗಳ ಚೌಕುಳಿಯಿದ್ದು, ಮುಂಬದಿಯಲ್ಲಿ ಆನೆಯೋ ಕನ್ನಡದ ಅಂಕಿಯೋ ಇದ್ದರೆ ಅದು ಮೈಸೂರಿನ ಹಳೆಯ ಒಡೆಯರ ಕಾಲದ ಕಾಸು. ಆನೆಯ ಮೇಲ್ಗಡೆ ಸೂರ್ಯಚಂದ್ರರೂ ಕನ್ನಡದ ‘ಶ್ರೀ’ಯೂ ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದು, ಮುಂದೆ ಅವರ ನಾಣ್ಯಗಳಲ್ಲಿ ಆನೆಯ ಜಾಗಕ್ಕೆ ಸಿಂಹ ಬಂದಿತು, ಕನ್ನಡ, ಪಾರ್ಸಿ, ಇಂಗ್ಲಿಷ್ ಮೂರೂ ಲಿಪಿಗಳು ಒಂದೇ ಬಿಲ್ಲೆಯ ಮೇಲೆ ಕಾಣಿಸಿಕೊಂಡವು. ಮೈಸೂರು ಸಂಸ್ಥಾನದ ಆ ಟಂಕಸಾಲೆ ಮುಚ್ಚಿದ್ದು 1843ರಲ್ಲಿ. ಟಿಪ್ಪುವಿನ ನಾಣ್ಯದ ಇಸವಿ ಓದುವವರನ್ನು ಮಾತ್ರ ಎಚ್ಚರಿಸಬೇಕು: 1787ರಲ್ಲಿ ಅವನು ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಾದ್ದರಿಂದ, 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ.

ಇನ್ನು ರಾಮ, ಸೀತೆ, ಹನುಮಂತರ ಚಿತ್ರವಿರುವ ‘1818ರ ಈಸ್ಟ್ ಇಂಡಿಯಾ ಕಂಪನಿ ಅರ್ಧಾಣೆ’. ಕಂಪನಿ ಅಂಥದ್ದನ್ನು ಎಂದೂ ಹೊರಡಿಸಿಲ್ಲ. ‘ಅಕ್ಕಿ ಸೆಳೆಯುವ ತಾಮ್ರ’ವೆಂದು ಲಕ್ಷಗಟ್ಟಲೆ ನುಂಗುವ ರೈಸ್ ಪುಲ್ಲಿಂಗ್ ದಂಧೆಯವರಿಗೆ ಇಂಥ ಬಿಲ್ಲೆಗಳೇ ಬಂಡವಾಳ.

ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ಉಜ್ಜುವ ನಾರು ಇವುಗಳಿಗೆ ತಾಮ್ರದ ಚೊಂಬು ಸಾಕು. ನಾಣ್ಯದ ಮೇಲಿನ ಗಟ್ಟಿಯಾದ ಹಸಿರು ಅಥವಾ ಕಂದು ಪದರದಲ್ಲಿಯೇ ಎಷ್ಟೋ ಸಲ ಅಕ್ಷರದ ಅಂಚು ಉಳಿದಿರುತ್ತದೆ. ಅದು ಹೋದರೆ ಹೊಳಪು ಉಳಿಯುತ್ತದೆ, ಬರಹ ಹೋಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಸಡಿಲವಾದ ಮಣ್ಣನ್ನು ಮರದ ಕಡ್ಡಿಯಿಂದ ಬಿಡಿಸಿದರೆ ಸಾಕು. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಲೋಹವನ್ನೇ ತಿನ್ನುತ್ತಿರುವ ಕ್ಲೋರೈಡು. ಅಂಥದನ್ನು ಒಣ ಜಾಗದಲ್ಲಿ ಬೇರೆಯಾಗಿ ಇರಿಸಿ, ಬಲ್ಲವರಿಗೆ ತೋರಿಸಬೇಕು.

ನಾಣ್ಯಕ್ಕಿಂತ ಅದು ಸಿಕ್ಕ ಜಾಗ ಮುಖ್ಯವೆಂಬುದನ್ನು ಯುವಕರಿಗೆ ಯಾರೂ ಹೇಳಿಕೊಟ್ಟಿಲ್ಲ. ಟಿಪ್ಪುವಿನ ಒಂದು ಸವೆದ ಪೈಸೆಗೆ ಸಂತೆಯಲ್ಲಿ ದೊಡ್ಡ ಬೆಲೆಯೇನೂ ಇಲ್ಲ; ಆದರೆ ಅಂಥ ನಾಣ್ಯಗಳು ಯಾವ ಹೊಳೆಯ ದಾಟಿನಲ್ಲಿ, ಯಾವ ಘಟ್ಟದ ಹಾದಿಯಲ್ಲಿ ಸಿಕ್ಕವೆಂದು ನಕ್ಷೆಯಲ್ಲಿ ಗುರುತಿಸುತ್ತ ಹೋದರೆ, ಮಲೆನಾಡಿನ ಹಳೆಯ ವ್ಯಾಪಾರದ ದಾರಿಗಳು ಕಾಣಿಸಿಕೊಳ್ಳಬಹುದು. ಹಿಂದೆ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ನಾಣ್ಯಗಳ ವಿವರಕ್ಕೂ ಜಾಗವಿರುತ್ತಿತ್ತು.

ಕಾನೂನು ಸ್ಪಷ್ಟವಾಗಿಯೇ ಇದೆ. ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾವಸ್ತುವಾಗುವುದರಿಂದ ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಹೀಗಿದ್ದೂ ಜನ ಕಚೇರಿಯ ಮೆಟ್ಟಿಲು ಹತ್ತದಿರುವುದಕ್ಕೆ ಕಾರಣ ದುರಾಸೆಯೊಂದೇ ಅಲ್ಲ. ಒಪ್ಪಿಸಲು ಹೋದವನನ್ನೇ ಕಳ್ಳನಂತೆ ವಿಚಾರಿಸುತ್ತಾರೆಂಬ ಭಯ ಊರೂರಿನಲ್ಲಿದೆ.

ಇಂಗ್ಲೆಂಡಿನಲ್ಲಿ 1997ರಿಂದಲೂ ಹವ್ಯಾಸಿಗಳು ತಮಗೆ ಸಿಕ್ಕದ್ದನ್ನು ಜಾಗದ ಸಮೇತ ದಾಖಲಿಸುವ ಸರ್ಕಾರಿ ವ್ಯವಸ್ಥೆಯಿದೆ. ನಮಗೆ ಅಷ್ಟು ದೊಡ್ಡದು ಬೇಡ. ಹಾಸನದ ಮಹಾರಾಜ ಪಾರ್ಕಿನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೊಂದು ದಿನ ನಾಣ್ಯ ಬಲ್ಲ ಅಧಿಕಾರಿಯೊಬ್ಬರು ಕುಳಿತು, ತಂದವರ ನಾಣ್ಯವನ್ನು ತೂಗಿ, ಫೋಟೊ ತೆಗೆದು, ಸಿಕ್ಕ ಊರು ಮತ್ತು ಸರ್ವೆ ನಂಬರನ್ನು ದಾಖಲಿಸಿಕೊಂಡು, ಕೈಗೊಂದು ಸ್ವೀಕೃತಿ ಪತ್ರ ಕೊಟ್ಟರೆ ಸಾಕು. ಚಿಕ್ಕಮಗಳೂರಿನಲ್ಲಿಯೂ ಇದನ್ನೇ ಮಾಡಬಹುದು. ಜಲಾಶಯದ ನೀರು ಇಳಿಯುವ ಮುನ್ನವೇ ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಪುರಾತತ್ತ್ವ ಇಲಾಖೆಯೊಡನೆ ಮಾತನಾಡಿ ಈ ಏರ್ಪಾಡು ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಇತಿಹಾಸ ಅಧ್ಯಾಪಕ, ಸಕಲೇಶಪುರ